ಹಸಿರು ಬಲೆಯ ಬೆಟ್ಟಗಳು

ದೂರದಿಂದ ನೋಡಿದರೆ ಹಳೆಯ ಚೀನೀ ಚಿತ್ರಪಟವೇ: ಮಂಜಿನಲ್ಲಿ ತೇಲುವ ಹಸಿರು ಬೆಟ್ಟಸಾಲು, ಜಲಪಾತ, ಅಂಚಿನಲ್ಲಿ ಕೆಂಪು ಮುದ್ರೆ. ಎರಡು ಹೆಜ್ಜೆ ಹತ್ತಿರ ಬನ್ನಿ. ಬೆಟ್ಟವೆಂದು ಕಂಡದ್ದು ಕೆಡವಿದ ಕಟ್ಟಡಗಳ ಅವಶೇಷ, ಮಣ್ಣು, ಕಸದ ಗುಡ್ಡೆ. ಹಸಿರೆಂದು ಕಂಡದ್ದು ದೂಳು ಏಳದಂತೆ ಅದರ ಮೇಲೆ ಹೊದಿಸಿದ ಬಲೆ.

ಇದನ್ನು ರಚಿಸಿದ ಕಲಾವಿದ ಯಾವ್ ಲೂ 1967ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು. ‘ಹೊಸ ಭೂದೃಶ್ಯಗಳು’ ಸರಣಿಗಾಗಿ ಅವರು ಕಾಮಗಾರಿ ನಡೆಯುವ ಜಾಗಗಳಲ್ಲಿ ಫೋಟೊ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಬೆಸೆದು, ಮಂಜು, ನೀರು, ಮಂಟಪಗಳನ್ನು ಸೇರಿಸಿದರು. 2008ರ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಬೀಜಿಂಗ್ ಆಗ ತನ್ನ ಹಳೆಯ ಓಣಿಗಳನ್ನು ಕೆಡವಿಕೊಳ್ಳುತ್ತಿತ್ತು.

ಕಸಕ್ಕೆ ತೊಡಿಸಿದ ಹಳೆಯ ಚಿತ್ರಪಟದ ಈ ವೇಷಕ್ಕೆ ಅರ್ಥವಿದೆ. ಚೀನಾದ ಸೋಂಗ್ ಅರಸರ ಕಾಲದಲ್ಲಿ (960–1279) ಬೆಟ್ಟ-ನೀರಿನ ಚಿತ್ರವೆಂದರೆ, ರಾಜಕಾರ್ಯದಲ್ಲಿ ಸಿಕ್ಕಿಬಿದ್ದ ಅಧಿಕಾರಿ ಮನೆಯಲ್ಲಿ ಕುಳಿತೇ ಮನಸ್ಸಿನಲ್ಲಿ ಕಾಡು ಸೇರುವ ಉಪಾಯ. ಯಾವ್ ಲೂ ಅದೇ ದಾರಿ ತೋರಿಸುತ್ತಾರೆ. ನಡೆದು ಹೋದವರು ತಲುಪುವುದು ಮಾತ್ರ ತಾವು ಬಿಟ್ಟುಬಂದ ನಗರದ ಕಸಕ್ಕೇ. ಗುಟ್ಟು ತಿಳಿದ ಮೇಲೂ ಚಿತ್ರ ಸುಂದರವಾಗಿಯೇ ಉಳಿಯುತ್ತದೆ. ಕಲಾವಿದರ ನಿಜವಾದ ಗೆಲುವು ಅದು.

ಈ ಸರಣಿಯ ಕೃತಿಗೆ 2008ರಲ್ಲಿ ಬಿಎಂಡಬ್ಲ್ಯು–ಪ್ಯಾರಿಸ್ ಫೋಟೊ ಪ್ರಶಸ್ತಿ ಸಂದಿತು.