ಹೆಸರು ಬದಲಾಗದ ಹಡಗು

ವೋಲ್ಗಾ ನದಿಯಲ್ಲಿ ಪ್ರವಾಸಿಗರನ್ನು ಹೊತ್ತು ಸಾಗುವ ಸೋವಿಯತ್ ಕಾಲದ ಹಡಗುಗಳಲ್ಲಿ ‘ಅಲೆಕ್ಸಾಂದರ್ ಸುವೋರೋವ್’ ಒಂದು. ಹದಿನೆಂಟನೆಯ ಶತಮಾನದ ರಷ್ಯನ್ ಸೇನಾಪತಿಯ ಹೆಸರು ಅದಕ್ಕೆ. ಕಟ್ಟಿದ್ದು ಮಾತ್ರ ರಷ್ಯದಲ್ಲಲ್ಲ. ಅಂದಿನ ಚೆಕೊಸ್ಲೊವಾಕಿಯದ ಕೊಮಾರ್ನೊ ಪಟ್ಟಣದಲ್ಲಿ, ಡಾನ್ಯೂಬ್ ನದಿಯ ದಡದಲ್ಲಿ, 1981ರಲ್ಲಿ. ಉದ್ದ ಸುಮಾರು 136 ಮೀಟರು. ನಮ್ಮ ರೈಲಿನ ಆರು ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟೋ ಅಷ್ಟು! ನದಿಯ ಹಡಗೆಂದರೆ ದೋಣಿಯ ಅಣ್ಣನೆಂದು ಭಾವಿಸುವವರು ಇದನ್ನು ನೆನಪಿನಲ್ಲಿಡಬೇಕು.

1983ರ ಜೂನ್ 5, ಭಾನುವಾರ. ರೊಸ್ತೋವಿನಿಂದ ಮಾಸ್ಕೋ ಕಡೆಗೆ ಹೊರಟಿದ್ದ ಹಡಗು ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ಉಲ್ಯಾನೋವ್ಸ್ಕ್ ನಗರದ ಬಳಿಗೆ ಬಂತು. ಲೆನಿನ್ ಹುಟ್ಟಿದ ಊರು ಇದು. ಮೊದಲಿನ ಹೆಸರು ಸಿಂಬಿರ್ಸ್ಕ್. ಅಲ್ಲಿ ನದಿ ಸಮುದ್ರದಂತೆ ಹರಡಿದೆ. ಅದರ ಮೇಲಣ ರೈಲು ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ್ದು. ಮೇಲ್ಮಜಲಿನ ಸಭಾಂಗಣದಲ್ಲಿ ಸಿನಿಮಾ ನಡೆದಿತ್ತು, ಜನ ಕಿಕ್ಕಿರಿದಿದ್ದರು.

ದೊಡ್ಡ ಹಡಗುಗಳಿಗೆಂದು ಗೊತ್ತುಮಾಡಿದ್ದ ಅಂಕಣವನ್ನು ಬಿಟ್ಟು ಸುವೋರೋವ್ ಆರನೆಯ ಅಂಕಣಕ್ಕೆ ನುಗ್ಗಿತು. ಅಲ್ಲಿ ಸೇತುವೆಯ ತೊಲೆ ತಗ್ಗು. ಹಡಗಿನ ಒಡಲು ದಾಟಿತು. ಚುಕ್ಕಾಣಿ ಕೋಣೆ, ಸಿನಿಮಾ ಅಂಗಣ, ಇಡೀ ಮೇಲ್ಮಜಲು ಕತ್ತರಿಸಿಹೋದುವು. ದುರ್ದೈವಕ್ಕೆ ಅದೇ ಗಳಿಗೆಯಲ್ಲಿ ಸೇತುವೆಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದರ ಡಬ್ಬಿಗಳು ಹಳಿ ತಪ್ಪಿ, ತುಂಬಿದ್ದ ಸರಕು ಹಡಗಿನ ಮೇಲೆ ಸುರಿಯಿತು. ಕೆಳಗಿನ ಕೋಣೆಗಳಲ್ಲಿ ಮಲಗಿದ್ದವರಲ್ಲಿ ಹೆಚ್ಚಿನವರು ಉಳಿದರು. ಸತ್ತವರು 176 ಮಂದಿ ಎಂದು ಸರಕಾರಿ ಲೆಕ್ಕ.

ತಪ್ಪು ಯಾರದು? ಚುಕ್ಕಾಣಿ ಹಿಡಿದಿದ್ದವನೂ ಅವನ ಮೇಲಿನ ಅಧಿಕಾರಿಯೂ ಬದುಕಲಿಲ್ಲ. ಆಗ ತನ್ನ ಕೋಣೆಯಲ್ಲಿದ್ದ ಕಪ್ತಾನ ಬದುಕಿದ. ಹತ್ತು ವರ್ಷದ ಸಜೆ ಅವನ ಪಾಲಿಗೆ ಬಂತು. ಪ್ರತ್ಯಕ್ಷ ಕಂಡವರೇ ಇಲ್ಲದಿರುವಾಗ ಆ ಅಂಕಣವನ್ನೇ ಏಕೆ ಹಿಡಿದರೆಂಬ ಪ್ರಶ್ನೆಗೆ ಊಹೆಗಳೇ ಉತ್ತರ. ‘ಪ್ರಾವ್ದಾ’ ಪತ್ರಿಕೆ ಅಪಘಾತವಾಯಿತು, ಪ್ರಾಣಹಾನಿಯಾಯಿತು ಎಂದಷ್ಟೇ ಅಚ್ಚುಹಾಕಿತು; ಎಷ್ಟು ಮಂದಿ ಎನ್ನಲಿಲ್ಲ. ಮನೆಯವರ ದಾರಿ ಕಾಯುತ್ತಿದ್ದವರಿಗೆ ಆ ನಾಲ್ಕು ಮಾತಿನಿಂದ ಏನು ತಿಳಿದೀತು?

ಹಡಗನ್ನು ಗುಜರಿಗೆ ಹಾಕಬಹುದಿತ್ತು. ಹಾಕಲಿಲ್ಲ. ಹೊಸ ಮೇಲ್ಮಜಲು ಕಟ್ಟಿ, ಮರುವರ್ಷವೇ ನೀರಿಗಿಳಿಸಿದರು. ಅನಂತರ ಅದನ್ನು ಕಟ್ಟಿಸಿದ ದೇಶವೂ ಕಟ್ಟಿದ ದೇಶವೂ ಭೂಪಟದಿಂದ ಅಳಿಸಿಹೋದುವು. ಹಡಗಿನ ಬದಿಯ ಮೇಲಣ ಹೆಸರು ಮಾತ್ರ ಅದೇ. ಅದರ ಪ್ರಯಾಣಿಕರು ಉಲ್ಯಾನೋವ್ಸ್ಕನ್ನು ದಾಟಬೇಕಾದರೆ ಆ ಸೇತುವೆಯ ಅಡಿಯಲ್ಲೇ ಹೋಗಬೇಕು.