ಅವಧಿ ಮುಗಿದ ಮೊಟ್ಟೆಕೋಳಿಗಳನ್ನು ಹಿತ್ತಲಿನಲ್ಲಿ ಸಾಕುವ ಕ್ರಮ

ವಾಣಿಜ್ಯ ಫಾರಂಗಳಲ್ಲಿ ಮೊಟ್ಟೆಕೋಳಿಗಳು 18–20 ವಾರಗಳ ವಯಸ್ಸಿನಲ್ಲಿ ಮೊಟ್ಟೆ ಇಡಲು ಆರಂಭಿಸುತ್ತವೆ. ಸಾಮಾನ್ಯವಾಗಿ 72–80 ವಾರಗಳ ನಂತರ ಇಳುವರಿ ಕುಗ್ಗಿ, ಆಹಾರದ ಖರ್ಚು ಹುಟ್ಟದ ಕಾರಣ ಅವುಗಳನ್ನು ಮಾಂಸಕ್ಕಾಗಿ ಮಾರಲಾಗುತ್ತದೆ. ಆದರೆ ಈ ಕೋಳಿಗಳು ಮೊಟ್ಟೆ ಇಡುವುದನ್ನು ಪೂರ್ಣವಾಗಿ ನಿಲ್ಲಿಸಿರುವುದಿಲ್ಲ. ಮನೆಬಳಕೆಯ ಮೊಟ್ಟೆಗಾಗಿ ಐದಾರು ಕೋಳಿಗಳನ್ನು ಹಿತ್ತಲಿನಲ್ಲಿ ಸಾಕಬಹುದು. ಪಂಜರದಲ್ಲಿ ಬೆಳೆದ ಇವುಗಳಿಗೆ ಮಣ್ಣು, ಬಿಸಿಲು, ಶತ್ರುಪ್ರಾಣಿಗಳ ಪರಿಚಯವಿರುವುದಿಲ್ಲ. ನಾಟಿ ಕೋಳಿಗಳಂತೆ ತಂದ ದಿನವೇ ಹೊರಗೆ ಬಿಟ್ಟರೆ ನಷ್ಟ ಖಚಿತ. ಆದ್ದರಿಂದ ಮೊದಲ ಒಂದು ತಿಂಗಳ ಆರೈಕೆಯೇ ನಿರ್ಣಾಯಕವಾದುದು.

ಆಯ್ಕೆ ಮತ್ತು ಸಾಗಾಣಿಕೆ

ಚುರುಕಾದ, ಶುಭ್ರ ಕಣ್ಣುಗಳುಳ್ಳ, ಕುಂಟದ ಕೋಳಿಗಳನ್ನು ಆರಿಸಬೇಕು. ಇತ್ತೀಚೆಗೆ ಸಾವು ಸಂಭವಿಸಿದ ಫಾರಂನಿಂದ ತರಬಾರದು. ನಿರಂತರ ಮೊಟ್ಟೆ ಇಟ್ಟು ಸುಣ್ಣದಂಶ ಕಳೆದುಕೊಂಡ ಇವುಗಳ ಮೂಳೆಗಳು ಬೇಗ ಮುರಿಯುತ್ತವೆ. ಕಾಲು ಅಥವಾ ರೆಕ್ಕೆ ಹಿಡಿದು ಎತ್ತದೆ, ಎರಡೂ ಕೈಗಳಿಂದ ದೇಹವನ್ನು ಆಧರಿಸಿ ಹಿಡಿಯಬೇಕು. ತಂಪು ಹೊತ್ತಿನಲ್ಲಿ ಸಾಗಿಸುವುದು ಸೂಕ್ತ.

ಪ್ರತ್ಯೇಕ ವಸತಿ

ನೋಡಲು ಆರೋಗ್ಯವಾಗಿರುವ ಕೋಳಿಯೂ ರೋಗಾಣುಗಳನ್ನು ಹೊತ್ತಿರಬಹುದು. ಮನೆಯಲ್ಲಿ ನಾಟಿ ಕೋಳಿಗಳಿದ್ದಲ್ಲಿ ಹೊಸ ಕೋಳಿಗಳನ್ನು 3–4 ವಾರ ಬೇರೆಡೆ ಇರಿಸಿ, ಹಳೆಯ ಕೋಳಿಗಳ ಕೆಲಸ ಮುಗಿಸಿದ ನಂತರವೇ ಇವುಗಳನ್ನು ನೋಡಿಕೊಳ್ಳಬೇಕು. ಪ್ರತಿ ಕೋಳಿಗೆ ಕನಿಷ್ಠ 2 ಚದರ ಅಡಿ ಸ್ಥಳ ಒದಗಿಸಿ, ನೆಲಕ್ಕೆ 3–4 ಅಂಗುಲ ಭತ್ತದ ಹೊಟ್ಟು ಹರಡಬೇಕು. ಮೇಲೆ ಹತ್ತಿ ಕೂರುವ ಅಭ್ಯಾಸವಿಲ್ಲದ ಕಾರಣ ಕೂರುಗೋಲು ನೆಲದಿಂದ ಸುಮಾರು 1 ಅಡಿ ಎತ್ತರದಲ್ಲಿದ್ದರೆ ಸಾಕು.

ಆಹಾರ ಮತ್ತು ನೀರು

ಫಾರಂನಲ್ಲಿ ನಿಪ್ಪಲ್‌ನಿಂದ ನೀರು ಕುಡಿದ ಕೋಳಿಗೆ ಬೋಗುಣಿಯ ನೀರು ತಿಳಿಯದಿರಬಹುದು. ಮೊದಲ ದಿನ ಪ್ರತಿ ಕೋಳಿಯ ಕೊಕ್ಕನ್ನು ನಿಧಾನವಾಗಿ ನೀರಿಗೆ ತಾಗಿಸಿ, ಅದು ಕುಡಿಯುವುದನ್ನು ಖಚಿತಪಡಿಸಿಕೊಳ್ಳಬೇಕು. ಕೊಕ್ಕಿನ ತುದಿ ಕತ್ತರಿಸಿರುವುದರಿಂದ ನೆಲದ ಕಾಳು ಹೆಕ್ಕಲು ಕಷ್ಟ. ಹಾಗಾಗಿ ಆಳವಾದ ತೊಟ್ಟಿಯಲ್ಲಿ ದಿನಕ್ಕೆ ತಲಾ 100–110 ಗ್ರಾಂ ಮೊಟ್ಟೆಕೋಳಿ ಆಹಾರ ನೀಡಬೇಕು. ಚಿಪ್ಪಿನ ಚೂರನ್ನು ಬೇರೆ ಪಾತ್ರೆಯಲ್ಲಿಡಬೇಕು. ಸೊಪ್ಪು, ಕಾಳುಗಳನ್ನು ಕ್ರಮೇಣ ರೂಢಿಸಬೇಕು.

ಹೊರಗೆ ಬಿಡುವುದು ಮತ್ತು ಆರೋಗ್ಯ

ಮೂರನೆಯ ವಾರದಿಂದ ಸಂಜೆ ಒಂದು ಗಂಟೆ, ಬೇಲಿಯೊಳಗೆ, ನೆರಳಿರುವೆಡೆ ಬಿಟ್ಟು ಅವಧಿ ಹೆಚ್ಚಿಸಬೇಕು. ನಾಟಿ ಕೋಳಿಗಳು ಓಡಾಡದ ಜಾಗ ಉತ್ತಮ. ಬಿಳಿ ಬಣ್ಣದ ಇವು ಹದ್ದು, ಮುಂಗುಸಿ, ನಾಯಿಗಳಿಗೆ ಸುಲಭ ತುತ್ತು. ಮಣ್ಣಿನ ಸಂಪರ್ಕದಿಂದ ಜಂತುಹುಳು ಹಾಗೂ ರಕ್ತಭೇದಿಯ ಬಾಧೆ ತಗಲಬಹುದು. ಜಂತುನಾಶಕ ಮತ್ತು ಕೊಕ್ಕರೆ ರೋಗದ ಲಸಿಕೆಗೆ ಪಶುವೈದ್ಯರ ಸಲಹೆ ಪಡೆಯಬೇಕು. ಹಠಾತ್ತನೆ ಕೋಳಿಗಳು ಸತ್ತರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ನಿರೀಕ್ಷೆ

ಸ್ಥಳ ಬದಲಾವಣೆ ಹಾಗೂ ಬೆಳಕಿನ ಅವಧಿಯ ಇಳಿಕೆಯಿಂದ ಕೋಳಿಗಳು ಗರಿ ಉದುರಿಸಿ ಕೆಲವು ವಾರ ಮೊಟ್ಟೆ ನಿಲ್ಲಿಸಬಹುದು. ಇದು ರೋಗವಲ್ಲ. ಹೊಸ ಗರಿ ಬಂದು ಜುಟ್ಟು ಕೆಂಪೇರಿದ ನಂತರ ಮೊಟ್ಟೆ ಮರಳಿ ಆರಂಭವಾಗುತ್ತದೆ. ಆದರೆ ಮೊದಲಿನ ಪ್ರಮಾಣ ನಿರೀಕ್ಷಿಸಲಾಗದು. ಈ ತಳಿಗಳು ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಆದಾಯವೇ ಉದ್ದೇಶವಾದಲ್ಲಿ ಗಿರಿರಾಜ, ಸ್ವರ್ಣಧಾರದಂತಹ ಹಿತ್ತಲು ತಳಿಗಳ ಮರಿಗಳನ್ನು ಸಾಕುವುದೇ ಲೇಸು.