ತಾಯಿಪತಂಗದ ಗುಣ

ಜೀವಶಾಸ್ತ್ರಜ್ಞರು ರೇಷ್ಮೆ ಪತಂಗಗಳನ್ನು ಮೈಕಟ್ಟು ನೋಡಿ ವಿಂಗಡಿಸುತ್ತಾರೆ. ಟಸರ್, ಮೂಗಾ, ಎರಿ ಪತಂಗಗಳು ಸ್ಯಾಟರ್ನಿಡೇ ಕುಟುಂಬಕ್ಕೆ ಸೇರಿದವು; ಟಸರ್ ಪತಂಗದ ಅಗಲವಾದ ರೆಕ್ಕೆಯ ಮೇಲಿನ ಕಣ್ಣಿನಂಥ ಗುರುತು ಎದ್ದು ಕಾಣುತ್ತದೆ. ಹಿಪ್ಪುನೇರಳೆಯ ಪತಂಗವಾದ ಬಾಂಬಿಕ್ಸ್ ಮೋರಿ ಬೇರೆಯೇ ಕುಟುಂಬದ್ದು. ಮಾಸಲು ಬಿಳಿ ಮೈಯ ಈ ಜೀವಿಗೆ ರೆಕ್ಕೆಯಿದ್ದರೂ ಹಾರಲಾರದು, ಗೂಡಿನಿಂದ ಹೊರಬಂದ ಮೇಲೆ ಏನನ್ನೂ ತಿನ್ನದು. 1758ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗಿನಿಂದ ಬೆಳೆದು ಬಂದ ಈ ವಿಂಗಡಣೆ ಸರಿಯಾದದ್ದೇ. ಆದರೆ ಮೈಸೂರು ಸೀಮೆಯ ರೇಷ್ಮೆ ಕಸುಬಿನ ಚರಿತ್ರೆ ಇದರಿಂದ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳೆಗಾರರ ವಿಂಗಡಣೆ: ಪತಂಗ ಇಟ್ಟ ಮೊಟ್ಟೆ ಬೇಗ ಒಡೆಯುತ್ತದೆಯೋ, ಚಳಿಗಾಲ ಕಳೆಯುವವರೆಗೆ ನಿದ್ರಿಸುತ್ತದೆಯೋ ಎಂಬುದು.

18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಈ ಕಸುಬಿಗೆ ಒತ್ತಾಸೆ ಕೊಟ್ಟ. ಇಲ್ಲಿ ನೆಲೆಯೂರಿದ ಮೈಸೂರು ತಳಿಯ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ, ಹಾಗಾಗಿ ವರ್ಷವಿಡೀ ಬೆಳೆ ಮೇಲೆ ಬೆಳೆ. ಬಿಸಿಲಿಗೂ ರೋಗಕ್ಕೂ ಜಗ್ಗದ ಹುಳು ಅದು. ಗೂಡು ಮಾತ್ರ ಚಿಕ್ಕದು, ಹಸಿರು ಮಿಶ್ರಿತ ಹಳದಿ, ತುದಿ ಚೂಪು, ಎಳೆಯೂ ಗಿಡ್ಡ. ತಂಪು ಸೀಮೆಗಳ ದ್ವಿತಳಿಯದು, ಅಂದರೆ ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ತಳಿಯದು, ಇದಕ್ಕೆ ತಿರುಗುಮುರುಗು: ಬಿಳಿಯ ದಪ್ಪ ಗೂಡು, ಒಳ್ಳೆಯ ಬೆಳೆಯಾದರೆ ಸಾವಿರ ಮೀಟರಿಗೂ ಮೀರಿದ ಎಳೆ, ಆದರೆ ನಾಜೂಕು ಹುಳು, ನಿದ್ರಿಸುವ ಮೊಟ್ಟೆ.

ಇವು ಒಂದೇ ಪ್ರಭೇದದ ತಳಿಗಳಷ್ಟೆ, ಪರಸ್ಪರ ಕೂಡಿ ಮರಿ ಮಾಡುತ್ತವೆ, ಇದನ್ನು ವರ್ಗೀಕರಣವೆನ್ನಬಹುದೇ ಎಂದು ಯಾರಾದರೂ ಕೇಳಬಹುದು. ಕೂಡಿ ಮರಿ ಮಾಡುತ್ತವೆ ಎಂಬುದೇ ಈ ಕಸುಬಿನ ಜೀವಾಳ. 1906ರಲ್ಲಿ ಜಪಾನಿನ ತೋಯಾಮ ಕಮೆತಾರೊ ರೇಷ್ಮೆಹುಳುವಿಗೂ ಮೆಂಡೆಲನ ನಿಯಮ ಅನ್ವಯಿಸುವುದನ್ನು ತೋರಿಸಿ ಮೊದಲ ಪೀಳಿಗೆಯ ಸಂಕರವನ್ನು ಸಾಕಲು ಸೂಚಿಸಿದ. ಮೈಸೂರಿನಲ್ಲಿ ಬೇರೂರಿದ ಮಿಶ್ರತಳಿಯ ಬುನಾದಿಯೂ ಅದೇ ತತ್ವ. ಅಲ್ಲೊಂದು ಅದ್ಭುತವಾದ ನಿಯಮವಿದೆ: ಇಟ್ಟ ಮೊಟ್ಟೆ ನಿದ್ರಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ತಾಯಿ, ಜೊತೆಗೂಡಿದ ಗಂಡು ಯಾವ ತಳಿಯದಾದರೂ ಅದು ಬದಲಾಗದು. ಆದ್ದರಿಂದಲೇ ಬಿತ್ತನೆ ಕೋಠಿಗಳಲ್ಲಿ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸುತ್ತಾರೆ. ಮೊಟ್ಟೆ ತಾಯಿಯಂತೆ ಬೇಗ ಒಡೆಯುತ್ತದೆ, ಎಳೆಯ ಉದ್ದಕ್ಕೆ ತಂದೆಯ ಪಾಲೂ ಸೇರುತ್ತದೆ. ರೆಕ್ಕೆ, ಮೀಸೆಗಳನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಈ ಗುಣ ಸಿಗದು.

ಎರಡೂ ಕಡೆ ದ್ವಿತಳಿಯನ್ನೇ ಕೂಡಿಸುವ ಸಂಕರಗಳು ಈಗ ಬಂದಿವೆ, ನಿದ್ರೆಯ ಗುಣಕ್ಕೆ ಇನ್ನೇನು ಬೆಲೆ ಎಂಬ ಆಕ್ಷೇಪವೂ ಇದೆ. ಆದರೆ ಆ ಮೊಟ್ಟೆಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿಯೋ, ಶೀತಗೃಹದಲ್ಲಿಟ್ಟು ಚಳಿಗಾಲ ಕಾಣಿಸಿಯೋ ಎಬ್ಬಿಸಬೇಕು. ಗುಣ ಅಳಿದಿಲ್ಲ, ಅದನ್ನು ನಿಭಾಯಿಸುವ ದಾರಿಗಳು ಸಿಕ್ಕಿವೆ ಅಷ್ಟೆ. ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಪ್ರದೇಶಗಳು ಶುದ್ಧ ಮೈಸೂರು ತಳಿಯನ್ನು ಕಾಪಾಡಿಕೊಂಡು ಬಂದದ್ದು ಮಿಶ್ರತಳಿಗೆ ಬೇಕಾದ ಈ ತಾಯಿಗಾಗಿಯೇ.